ಮೊಣಕೈ ಪೈಪು, ಪಿಟೀಲು ಮತ್ತು ಗೆಳೆತನ

‘ಮೇಷ್ಟ್ರೇ, ನಮ್ಮ ಹುಡುಗಿಗೆ ಅದೆಂಥದೋ ಐರ್ಲೆಂಡಿನ ಹುಚ್ಚು ಹಿಡಿದುಬಿಟ್ಟಿದೆ. ನೀವು ಹೇಳಿದರೆ ಕೇಳ್ತಾಳೆ, ಸ್ವಲ್ಪ ಬುದ್ಧಿ ಹೇಳಿ’ ಎಂದು ನಮ್ಮ ಬಡಾವಣೆಯ ಮಿತ್ರರೊಬ್ಬರು ಈಚೆಗೆ ಕೇಳಿಕೊಂಡರು. ಹುಡುಗಿ ಪಿಯುಸಿ ಓದುತ್ತಿದ್ದಾಳೆ. ಏಳೆಂಟು ವರ್ಷದಿಂದ ಪಿಟೀಲು ಕಲಿಯುತ್ತಿದ್ದಾಳೆ. ಈಗ ಬಿಡುವು ಸಿಕ್ಕಿದರೆ ಸಾಕು, ಫೋನಿನಲ್ಲಿ ‘ಆಲ್ಟನ್’ ಎಂಬ ತಂಡದ ಸಂಗೀತ ಹಾಕಿಕೊಂಡು ಕೂರುತ್ತಾಳಂತೆ. ಆ ಕಡೆಯ ಸಂಗೀತೋತ್ಸವಗಳ ದೃಶ್ಯಗಳನ್ನು ನೋಡುತ್ತಾಳಂತೆ. ತಂದೆಗೆ ಎರಡು ಚಿಂತೆ. ಕಷ್ಟಪಟ್ಟು ಕಲಿತ ಕರ್ನಾಟಕ ಸಂಗೀತ ಕೆಟ್ಟುಹೋದೀತೆಂಬುದು ಒಂದು. ಆ ದೃಶ್ಯಗಳಲ್ಲಿ ಮುದುಕರು, ಮಕ್ಕಳು ಎಲ್ಲರೂ ಪಬ್ಬಿನಲ್ಲಿ ಕೂತಿರುತ್ತಾರಲ್ಲ ಎಂಬುದು ಇನ್ನೊಂದು!

ಬೆಳಕಿನ ವಕ್ರೀಭವನ, ಓಮನ ನಿಯಮ ಎಂದು ಪಾಠ ಹೇಳಿಕೊಂಡಿರುವವನ ಬಳಿ ಈ ದೂರು ಏಕೆ ಬಂತೆಂದರೆ, ಕ್ಯಾಸೆಟ್ಟುಗಳ ಕಾಲದಿಂದಲೂ ಈ ಸಂಗೀತದ ಗೀಳು ನನಗೂ ಉಂಟು ಎಂಬುದು ಅವರಿಗೆ ಮರೆತುಹೋಗಿತ್ತು. ಕಳ್ಳನ ಕೈಗೇ ಬೀಗದ ಕೈ ಕೊಟ್ಟಂತಾಯಿತು. ಬುದ್ಧಿ ಹೇಳುವ ಬದಲು ನಾನು ತಂದೆಯನ್ನೇ ಕೂರಿಸಿಕೊಂಡು ಒಂದು ಗಂಟೆ ಮಾತಾಡಿದೆ. ಇಂಥ ಚಿಂತೆ ಇನ್ನೂ ಕೆಲವು ಮನೆಗಳಲ್ಲಿ ಇರಬಹುದಾದ್ದರಿಂದ ಅದನ್ನೇ ಈ ವಾರ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸಂಗೀತ ಕೆಡುವ ಮಾತು. ಪಿಟೀಲು ಕಲಿಯುವ ಮಕ್ಕಳಿಗೆಲ್ಲ ‘ನೋಟ್ಟು ಸ್ವರ’ ಗೊತ್ತು. ಸುಮಾರು 200 ವರ್ಷಗಳ ಹಿಂದೆ ಬ್ರಿಟಿಷರ ಬ್ಯಾಂಡಿನವರು ನುಡಿಸುತ್ತಿದ್ದ ಮಟ್ಟುಗಳನ್ನು ಕೇಳಿ ಮುತ್ತುಸ್ವಾಮಿ ದೀಕ್ಷಿತರು ಅವಕ್ಕೆ ಸಂಸ್ಕೃತದಲ್ಲಿ ಸಾಹಿತ್ಯ ಕಟ್ಟಿದರು. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಆ ಬಿಳಿಯರಿಂದಲೇ ಪಿಟೀಲು ಕಲಿತು ಅದನ್ನು ನಮ್ಮ ಸಂಗೀತಕ್ಕೆ ತಂದರು. ಆ ನೋಟ್ಟು ಸ್ವರಗಳಲ್ಲಿ ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಮಟ್ಟುಗಳೂ ಇವೆ. ‘ವಂದೇ ಮೀನಾಕ್ಷಿ’ಯ ಮೂಲ ಒಂದು ಐರಿಷ್ ಮಟ್ಟು. ಎಂದರೆ ನಮ್ಮ ಮಿತ್ರರ ಮಗಳು ಐರಿಷ್ ಸಂಗೀತವನ್ನು ಹತ್ತನೆಯ ವಯಸ್ಸಿನಲ್ಲೇ, ಅಪ್ಪನೇ ಫೀಸು ಕೊಟ್ಟ ಪಾಠದಲ್ಲೇ ಕಲಿತಿದ್ದಾಳೆ! ದೀಕ್ಷಿತರಿಗೆ ಕೆಡದ ಸಂಗೀತ ಇವಳಿಗೆ ಕೆಟ್ಟೀತೆಂದು ನನಗೆ ಅನ್ನಿಸುವುದಿಲ್ಲ.

ವಾದ್ಯ ಅದೇ. ಅವರು ‘ಫಿಡ್ಲ್’ ಎನ್ನುತ್ತಾರೆ, ಅಷ್ಟೇ. ನಮ್ಮವರು ನಾಲ್ಕು ತಂತಿಗಳನ್ನು ಸ-ಪ-ಸ-ಪ ಎಂದು ಶ್ರುತಿ ಮಾಡುತ್ತಾರೆ. ಅವರು ಪ್ರತಿಯೊಂದು ತಂತಿಯನ್ನೂ ಅದರ ಹಿಂದಿನ ತಂತಿಯ ಪಂಚಮಕ್ಕೆ ಕೂಡಿಸುತ್ತಾರೆ. ನಮ್ಮವರು ನೆಲದಲ್ಲಿ ಕೂತು ಪಿಟೀಲಿನ ತುದಿಯನ್ನು ಪಾದಕ್ಕೆ ಆನಿಸಿಕೊಂಡರೆ ಅವರು ಕುರ್ಚಿಯಲ್ಲಿ ಕೂತು ಗದ್ದದಡಿ ಹಿಡಿಯುತ್ತಾರೆ. ನಮ್ಮಲ್ಲಿ ಬೆರಳು ತಂತಿಯ ಮೇಲೆ ಜಾರಿ ತೂಗುತ್ತದೆ, ಅವರಲ್ಲಿ ಹಕ್ಕಿ ಕಾಳು ಕುಟುಕಿದಂತೆ ಕುಟುಕಿ ಮೇಲೇಳುತ್ತದೆ. ಎರಡು ಭಾಷೆ ಬಲ್ಲವರಿಲ್ಲವೇ? ಹಾಗೆ ಇದೂ.

ಸೆಲ್ಟಿಕ್ ಎಂಬ ಪದದ ಬಗ್ಗೆ ಎರಡು ಮಾತು. ಐರ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಇಂಗ್ಲೆಂಡಿನ ಮೂಲೆಯ ಕಾರ್ನ್‌ವಾಲ್, ನಡುವಣ ಐಲ್ ಆಫ್ ಮ್ಯಾನ್ ದ್ವೀಪ, ಫ್ರಾನ್ಸಿನ ಪಶ್ಚಿಮದ ಬ್ರಿಟನಿ – ಇವು ಸೆಲ್ಟಿಕ್ ಕುಲದ ಭಾಷೆಗಳ ನಾಡುಗಳು. ಸ್ಪೇನಿನ ವಾಯವ್ಯ ತುದಿಯ ಗಲಿಷಿಯದ ಭಾಷೆ ಆ ಕುಲದ್ದಲ್ಲ, ಆದರೂ ಅಲ್ಲಿಯವರು ತಮ್ಮ ಬ್ಯಾಗ್‌ಪೈಪ್ ಹೆಗಲಿಗೇರಿಸಿಕೊಂಡು ಈ ಬಳಗಕ್ಕೆ ಸೇರಿಕೊಂಡಿದ್ದಾರೆ. ಅಂದ ಹಾಗೆ, ವಿದ್ವಾಂಸರು ‘ಕೆಲ್ಟಿಕ್’ ಎನ್ನುತ್ತಾರೆ. ಗ್ಲಾಸ್ಗೋ ನಗರದ ಫುಟ್‌ಬಾಲ್ ತಂಡ ಮಾತ್ರ ‘ಸೆಲ್ಟಿಕ್’. ನಮ್ಮ ಕಿವಿಗೆ ಎರಡನೆಯದೇ ರೂಢಿ, ಅದನ್ನೇ ಇಟ್ಟುಕೊಳ್ಳೋಣ.

ಈಗ ಉತ್ಸವಗಳಿಗೆ ಬರುತ್ತೇನೆ. ಐರ್ಲೆಂಡಿನಲ್ಲಿ 1951ರಲ್ಲಿ ಮಲಿಂಗಾರ್ ಎಂಬ ಊರಿನಲ್ಲಿ ಒಂದು ಸಂಗೀತ ಮೇಳ ನಡೆಯಿತು. ಅದರ ಹೆಸರು ‘ಫ್ಲಾ ಕ್ಯೋಲ್’. ಐರಿಷ್ ಭಾಷೆಯಲ್ಲಿ ಸಂಗೀತದ ಹಬ್ಬ ಎಂದು ಅರ್ಥ. ಹಳ್ಳಿಯ ಸಂಗೀತವೆಂದರೆ ಪೇಟೆಯವರು ಮೂಗು ಮುರಿಯುತ್ತಿದ್ದ ಕಾಲ ಅದು. ಯುವಕರು ಕೆಲಸ ಹುಡುಕಿಕೊಂಡು ಇಂಗ್ಲೆಂಡಿಗೂ ಅಮೆರಿಕಕ್ಕೂ ಹಡಗು ಹತ್ತುತ್ತಿದ್ದರು. ಹಳ್ಳಿಗಳಲ್ಲಿ ಉಳಿದ ವಾದಕರು ತಮ್ಮ ಅಡುಗೆಮನೆಯ ಬೆಂಕಿಯ ಮುಂದೆ ಕೂತು ತಮ್ಮಷ್ಟಕ್ಕೆ ನುಡಿಸಿಕೊಳ್ಳುತ್ತಿದ್ದರು. ಪಕ್ಕದ ಜಿಲ್ಲೆಯಲ್ಲಿ ತಮ್ಮಂತೆಯೇ ಇನ್ನೊಬ್ಬನಿದ್ದಾನೆಂದು ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಡಬ್ಲಿನ್ನಿನ ಪೈಪ್ ವಾದಕರ ಸಂಘದ ಕೆಲವರು ಮಲಿಂಗಾರಿನವರ ಜೊತೆ ಸೇರಿ ಇಂಥವರನ್ನೆಲ್ಲ ಒಂದು ಕಡೆ ಕೂಡಿಸಿದರು. ಮೊದಲ ವರ್ಷ ಬಂದವರು ಕೆಲವೇ ನೂರು ಜನ. ಈಗ ಪ್ರತಿ ಆಗಸ್ಟಿನಲ್ಲಿ ಒಂದೊಂದು ಊರಿನಲ್ಲಿ ನಡೆಯುವ ಈ ಹಬ್ಬಕ್ಕೆ ಲಕ್ಷಗಟ್ಟಲೆ ಜನ ಸೇರುತ್ತಾರೆ.

ಹೆಸರಿಗೆ ಅದು ಸ್ಪರ್ಧೆ. ನಮ್ಮ ಪ್ರತಿಭಾ ಕಾರಂಜಿಯ ಹಾಗೆ ಮೊದಲು ಜಿಲ್ಲೆ, ಆಮೇಲೆ ಪ್ರಾಂತ್ಯ, ಕೊನೆಗೆ ಇಡೀ ದೇಶದ ಮಟ್ಟ. 12 ವರ್ಷದೊಳಗಿನವರು, 12ರಿಂದ 15, 15ರಿಂದ 18, ಅದಕ್ಕೂ ಮೇಲಿನವರು ಎಂದು ವಿಭಾಗ. ತೀರ್ಪುಗಾರರು ಕಾಗದ ಪೆನ್ನು ಹಿಡಿದು ಕೂರುತ್ತಾರೆ. ತಾಯಂದಿರು ಬಾಗಿಲಲ್ಲಿ ನಿಂತು ಉಗುರು ಕಚ್ಚುತ್ತಾರೆ. ಇದೆಲ್ಲ ನಮಗೆ ಗೊತ್ತಿರುವುದೇ. ಆದರೆ ಅಲ್ಲಿಗೆ ಬರುವ ಲಕ್ಷಾಂತರ ಜನರಲ್ಲಿ ಸ್ಪರ್ಧೆಯ ಕೋಣೆಯೊಳಗೆ ಹೋಗುವವರು ತೀರ ಕಡಿಮೆ. ಉಳಿದವರು ಬೀದಿಯಲ್ಲಿರುತ್ತಾರೆ, ಹೋಟೆಲಿನ ಮೆಟ್ಟಿಲ ಮೇಲಿರುತ್ತಾರೆ, ಪಬ್ಬಿನ ಮೂಲೆಯಲ್ಲಿರುತ್ತಾರೆ. ಅಲ್ಲಿ ನಡೆಯುವುದಕ್ಕೆ ‘ಸೆಷನ್’ ಎಂದು ಹೆಸರು. ಈ ಸಂಗೀತದ ಜೀವ ಇರುವುದು ಅದರಲ್ಲಿ.

ಸೆಷನ್ ಎಂದರೆ ಕಛೇರಿಯಲ್ಲ. ಟಿಕೆಟ್ಟಿಲ್ಲ, ಮೈಕಿಲ್ಲ, ವೇದಿಕೆಯೂ ಇಲ್ಲ. ನಾಲ್ಕಾರು ಜನ ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ಸುತ್ತ ಕೂರುತ್ತಾರೆ. ಕೇಳುವವರಿಗೆ ಬೆನ್ನು ತೋರಿಸಿಕೊಂಡಿದ್ದರೂ ಪರವಾಗಿಲ್ಲ! ಒಬ್ಬರು ಒಂದು ಮಟ್ಟು ಎತ್ತಿಕೊಳ್ಳುತ್ತಾರೆ, ಗೊತ್ತಿದ್ದವರು ಸೇರಿಕೊಳ್ಳುತ್ತಾರೆ. ಗೊತ್ತಿಲ್ಲದವರು ಕೇಳುತ್ತಾರೆ. ಸ್ವರಲಿಪಿಯ ಪುಸ್ತಕ ಮುಂದಿಟ್ಟುಕೊಂಡರೆ ಮರ್ಯಾದೆ ಕಡಿಮೆ. ಎಲ್ಲವೂ ಕಿವಿಯಿಂದ ಕಿವಿಗೆ.

ಪರಸ್ಪರ ಹೆಸರೂ ಗೊತ್ತಿಲ್ಲದವರು ಇದನ್ನು ಹೇಗೆ ಮಾಡುತ್ತಾರೆ? ಗುಟ್ಟು ಮಟ್ಟುಗಳ ಕಟ್ಟಡದಲ್ಲಿದೆ. ಈ ಕುಣಿತದ ಮಟ್ಟುಗಳಿಗೆ ಸಾಮಾನ್ಯವಾಗಿ ಎರಡು ಭಾಗ, ಒಂದೊಂದಕ್ಕೂ ಎಂಟು ಆವರ್ತ. ಪ್ರತಿಯೊಂದು ಭಾಗವನ್ನೂ ಎರಡು ಸಲ ನುಡಿಸಿದರೆ 32 ಆವರ್ತಕ್ಕೆ ಒಂದು ಸುತ್ತು ಮುಗಿಯುತ್ತದೆ. ‘ಜಿಗ್’ ಎಂದರೆ ಮೂರು ಮೂರು ಸ್ವರಗಳ ನಡೆ, ನಮ್ಮ ತಿಶ್ರದ ಹಾಗೆ. ‘ರೀಲ್’ ಎಂದರೆ ನಾಲ್ಕು ನಾಲ್ಕರ ನಡೆ, ಚತುರಶ್ರ. ಒಂದು ಮಟ್ಟನ್ನು ಎರಡು ಮೂರು ಸಲ ಸುತ್ತಿ, ನಿಲ್ಲಿಸದೆ ಇನ್ನೊಂದಕ್ಕೆ ಹಾರುತ್ತಾರೆ. ಮೊದಲ ಸುತ್ತಿನಲ್ಲಿ ಮಟ್ಟು ಅರ್ಧ ಹಿಡಿದವನು ಮೂರನೆಯ ಸುತ್ತಿಗೆ ಪೂರ್ತಿ ಹಿಡಿಯುತ್ತಾನೆ. ಒಳ್ಳೆಯ ವಾದಕರ ತಲೆಯಲ್ಲಿ ಇಂಥ ನೂರಾರು ಮಟ್ಟುಗಳಿರುತ್ತವೆ. ನಮ್ಮಲ್ಲಿ ಯಾವ ಊರಿನ ಭಜನೆ ಮನೆಗೆ ಹೋದರೂ ನಾಲ್ಕು ದಾಸರ ಪದ ಬಂದರೆ ಜೊತೆಗೆ ಕೂತು ಹಾಡಬಹುದಲ್ಲ, ಅದೇ ಲೆಕ್ಕ. ಪರಿಚಯ ಆಮೇಲೆ ಆಗುತ್ತದೆ. ‘ಆ ಎರಡನೆಯ ಮಟ್ಟು ಎಲ್ಲಿ ಸಿಕ್ಕಿತು?’ ಎಂಬ ಪ್ರಶ್ನೆಯೇ ಅಲ್ಲಿ ಗೆಳೆತನದ ಮೊದಲ ಮಾತು.

ಒಂದು ಎಚ್ಚರಿಕೆ. ‘ಬೌರಾನ್’ ಎಂಬ ಆಡಿನ ಚರ್ಮದ, ಜರಡಿಯಾಕಾರದ ಚಪ್ಪಟೆ ವಾದ್ಯ ಒಂದಿದೆ. ನೋಡಲು ಸುಲಭ. ಹಾಗಾಗಿ ಏನೂ ಬಾರದವರೆಲ್ಲ ಅದನ್ನೇ ಕೊಂಡು ಸೆಷನ್ನಿಗೆ ಬರುತ್ತಾರೆ. ಒಂದು ಸೆಷನ್ನಿಗೆ ಒಂದೇ ಬೌರಾನ್ ಸಾಕು ಎಂಬುದು ಅಲಿಖಿತ ನಿಯಮ. ಬೌರಾನ್ ನುಡಿಸಲು ಚೂಪಾದ ಚಾಕುವೇ ಲೇಸು ಎಂಬ ನಗೆಮಾತು ವಾದಕರಲ್ಲಿ ಬಹಳ ಹಳೆಯದು.

ಇನ್ನು ಪಬ್ಬಿನ ವಿಷಯ. ಐರ್ಲೆಂಡಿನ ಹಳ್ಳಿಗಳಲ್ಲಿ ಪಬ್ಬು ಎಂದರೆ ನಮ್ಮ ಅರಳಿಕಟ್ಟೆ, ಕಾಫಿ ಹೋಟೆಲು ಎರಡೂ ಸೇರಿದ ಜಾಗ. ಅಜ್ಜ ಮೊಮ್ಮಕ್ಕಳು ಒಟ್ಟಿಗೆ ಹೋಗುತ್ತಾರೆ, ಮಕ್ಕಳ ಮುಂದೆ ನಿಂಬೆಯ ಪಾನಕವಿರುತ್ತದೆ. ರಾತ್ರಿ ಗೊತ್ತಾದ ಹೊತ್ತಿನ ಮೇಲೆ ಮಕ್ಕಳು ಅಲ್ಲಿರಕೂಡದೆಂದು ಕಾನೂನೇ ಇದೆ. ಹಾಗೆಂದು ಕುಡಿತದಿಂದ ಆ ನಾಡಿನ ಸಂಗೀತಗಾರರಿಗೆ ತೊಂದರೆಯೇ ಆಗಿಲ್ಲವೆಂದರೆ ಸುಳ್ಳಾಗುತ್ತದೆ. ಆಗಿದೆ. ಆ ಕಾರಣಕ್ಕೇ ಈಗ ಸಭಾಭವನಗಳಲ್ಲಿ, ಶಾಲೆಗಳಲ್ಲಿ ಮಕ್ಕಳಿಗಾಗಿ ಬೇರೆ ಸೆಷನ್ನುಗಳನ್ನು ನಡೆಸುವವರಿದ್ದಾರೆ. ಫ್ಲಾ ಕ್ಯೋಲ್‌ನಲ್ಲೂ ಸ್ಪರ್ಧೆಗೆ ಮುಂಚಿನ ದಿನಗಳಲ್ಲಿ ಪಾಠದ ಶಿಬಿರವಿರುತ್ತದೆ.

ಗೆಳೆತನ ಎಂದೆನಲ್ಲ, ಅದರ ಒಂದು ಕಥೆ ಹೇಳುತ್ತೇನೆ. ನನಗೆ ಈ ಇಡೀ ವಿಷಯದಲ್ಲಿ ಬಹಳ ಇಷ್ಟವಾದದ್ದು ಇದು.

ಐರ್ಲೆಂಡಿನ ಬ್ಯಾಗ್‌ಪೈಪ್ ಸ್ಕಾಟ್ಲೆಂಡಿನದರ ಹಾಗಲ್ಲ. ಸ್ಕಾಟ್ಲೆಂಡಿನವರು ಚೀಲಕ್ಕೆ ಬಾಯಿಯಿಂದ ಗಾಳಿ ಊದುತ್ತಾರೆ. ಐರ್ಲೆಂಡಿನದಕ್ಕೆ ‘ಇಲ್ಲನ್ ಪೈಪ್’ ಎಂದು ಹೆಸರು. ಐರಿಷ್ ಭಾಷೆಯಲ್ಲಿ ಆ ಪದಕ್ಕೆ ಮೊಣಕೈ ಎಂದರ್ಥ. ಒಂದು ಮೊಣಕೈಯಡಿ ಕಮ್ಮಾರರ ತಿದಿಯಂಥ ಪುಟ್ಟ ತಿದಿ, ಇನ್ನೊಂದು ಮೊಣಕೈಯಡಿ ಗಾಳಿಯ ಚೀಲ. ಬಾಯಿಯ ತೇವವಿಲ್ಲದ ಒಣ ಗಾಳಿ ಹೋಗುವುದರಿಂದ ಒಳಗಿನ ನಾಲಗೆ, ಅಂದರೆ ರೀಡ್, ಸೂಕ್ಷ್ಮವಾಗಿದ್ದರೂ ನಡೆಯುತ್ತದೆ. ದನಿ ಮೃದು, ಎರಡು ಸ್ಥಾಯಿಗಳಲ್ಲಿ ಓಡಾಡಬಹುದು. ಸ್ಕಾಟ್ಲೆಂಡಿನ ಪೈಪಿಗೆ ಒಂಬತ್ತೇ ಸ್ವರ. ನಮ್ಮ ತಂಬೂರಿಯ ಹಾಗೆ ಹಿಂದೆ ಒಂದೇ ಸಮನೆ ಆಧಾರ ಶ್ರುತಿ ಹಿಡಿಯುವ ಕೊಳವೆಗಳು ಎರಡರಲ್ಲೂ ಇವೆ. ಇನ್ನೂ ಒಂದು ಅನುಕೂಲ. ಬಾಯಿ ಖಾಲಿ ಇರುವುದರಿಂದ ಇಲ್ಲನ್ ಪೈಪ್ ನುಡಿಸುತ್ತಲೇ ಪಕ್ಕದವರೊಡನೆ ಹರಟಬಹುದು! ಗೆಳೆತನಕ್ಕೆ ಹೇಳಿ ಮಾಡಿಸಿದ ವಾದ್ಯ.

ಜಾನಿ ಡೋರನ್ ಎಂಬ ಪೈಪ್ ವಾದಕರು ಅಲೆಮಾರಿ ಕುಟುಂಬದವರು. ಕುದುರೆ ಗಾಡಿಯಲ್ಲಿ ಸಂಸಾರ ಹೂಡಿಕೊಂಡು ಜಾತ್ರೆಯಿಂದ ಜಾತ್ರೆಗೆ, ಪಂದ್ಯದಿಂದ ಪಂದ್ಯಕ್ಕೆ ಹೋಗಿ ನುಡಿಸುತ್ತಿದ್ದರು. 1930ರ ದಶಕದಲ್ಲಿ ಪಶ್ಚಿಮ ತೀರದ ಮಿಲ್‌ಟೌನ್ ಮಾಲ್ಬೆ ಎಂಬ ಊರಿಗೆ ಹೀಗೇ ಬಂದಾಗ ಅಲ್ಲಿಯ ಬಡಗಿ ಕೆಲಸದ ಯುವಕ ವಿಲಿ ಕ್ಲ್ಯಾನ್ಸಿ ಅವರನ್ನು ಕೇಳಿ ಬೆರಗಾಗಿ ತಾನೂ ಪೈಪ್ ಹಿಡಿದರು. ಡೋರನ್ನರಿಗೆ ಡಬ್ಲಿನ್ನಿನಲ್ಲಿ ಜಾನ್ ಕೆಲಿ ಎಂಬ ಪಿಟೀಲು ವಾದಕ ಮಿತ್ರರಿದ್ದರು, ಅಂಗಡಿ ಇಟ್ಟುಕೊಂಡಿದ್ದವರು. ಡೋರನ್ನರ ಆರೋಗ್ಯ ಇಳಿಯುತ್ತಿರುವುದನ್ನು ಕಂಡ ಅವರು 1947ರಲ್ಲಿ ಒತ್ತಾಯ ಮಾಡಿ ಅವರ ವಾದನವನ್ನು ಜಾನಪದ ಆಯೋಗದಲ್ಲಿ ಧ್ವನಿಮುದ್ರಣ ಮಾಡಿಸಿದರು. ಮರುವರ್ಷ ಜನವರಿಯಲ್ಲಿ ಬಿರುಗಾಳಿಗೆ ಒಂದು ಗೋಡೆ ಕುಸಿದು ಡೋರನ್ನರ ಗಾಡಿಯ ಮೇಲೆ ಬಿತ್ತು. ಅವರು ಮತ್ತೆ ಎದ್ದು ಓಡಾಡಲಿಲ್ಲ, 1950ರಲ್ಲಿ ತೀರಿಕೊಂಡರು. ಅವರ ನಾದವೆಂದು ಇವತ್ತು ಲೋಕಕ್ಕೆ ಉಳಿದಿರುವುದು ಆ ಮಿತ್ರರ ಒತ್ತಾಯದ ಕೆಲವು ಮುದ್ರಿಕೆಗಳು ಮಾತ್ರ. ಕೆಲಿಯವರು ‘ಮುಂದಿನ ವರ್ಷ ನೋಡೋಣ’ ಎಂದಿದ್ದರೆ?

ಮುಂದಿನ ಪೈಪ್ ವಾದಕರೆಲ್ಲ ಆ ಮುದ್ರಿಕೆಗಳಿಗೆ ಕಿವಿ ಹಚ್ಚಿ ಕೂತರು. ಪ್ಯಾಡಿ ಕೀನನ್ ಎಂಬುವರು, ಅವರೂ ಅಲೆಮಾರಿ ಮನೆತನದವರೇ, ಆ ಬಿರುಸಿನ ಶೈಲಿಯನ್ನು 1970ರ ದಶಕದಲ್ಲಿ ‘ಬಾಥಿ ಬ್ಯಾಂಡ್’ ಎಂಬ ತಂಡಕ್ಕೆ ತಂದರು. ಆ ತಂಡ ಬಾಳಿದ್ದು ನಾಲ್ಕೈದು ವರ್ಷ, 1979ರಲ್ಲಿ ಚದುರಿತು. ಆದರೆ ನನ್ನನ್ನು ಕೇಳಿದರೆ ಈ ಸಂಗೀತದಲ್ಲಿ ಅದಕ್ಕೆ ಸಾಟಿಯಾದ ತಂಡ ಇನ್ನೂ ಬಂದಿಲ್ಲ. ಮಳೆ ಬಂದಂತೆ ನುಡಿಸುತ್ತಾರೆ. ಇತ್ತ ಕ್ಲ್ಯಾನ್ಸಿಯವರು 1973ರ ಜನವರಿಯಲ್ಲಿ 54ನೆಯ ವಯಸ್ಸಿಗೆ ತೀರಿಕೊಂಡಾಗ ಊರಿನ ಗೆಳೆಯರು ಕಲ್ಲಿನ ಪ್ರತಿಮೆಗೆ ಚಂದಾ ಎತ್ತಲು ಓಡಾಡಲಿಲ್ಲ. ಅದೇ ವರ್ಷ ಜುಲೈನಲ್ಲಿ ಅವರ ಹೆಸರಿನಲ್ಲಿ ಬೇಸಿಗೆ ಶಾಲೆ ತೆರೆದರು. ಅದನ್ನು ಬಹುಕಾಲ ಮುನ್ನಡೆಸಿದ ಮುರಿಸ್ ಓ ರೋಕಾನ್ ಒಬ್ಬ ಶಾಲಾ ಮಾಸ್ತರರು (ಇದನ್ನು ಹೇಳುವಾಗ ನನ್ನ ಎದೆ ಸ್ವಲ್ಪ ಉಬ್ಬಿದರೆ ಓದುಗರು ಕ್ಷಮಿಸಬೇಕು). ಈಗಲೂ ಜುಲೈ ಮೊದಲ ದಿನಗಳಲ್ಲಿ ಆ ಪುಟ್ಟ ಊರಿನ ಶಾಲೆಯ ಕೋಣೆ, ಮನೆಯ ಜಗಲಿ, ಅಡುಗೆಮನೆಗಳಲ್ಲೆಲ್ಲ ಬೆಳಿಗ್ಗೆ ಪಾಠ, ರಾತ್ರಿಯೆಲ್ಲ ಸೆಷನ್. ಜಪಾನಿನಿಂದ, ಜರ್ಮನಿಯಿಂದ ಬಂದವರೂ ಹತ್ತು ವರ್ಷದ ಪೋರರ ಪಕ್ಕ ಕೂತು ಕಲಿಯುತ್ತಾರೆ.

ನಮ್ಮ ಹುಡುಗಿಯ ಮೆಚ್ಚಿನ ಆಲ್ಟನ್ ತಂಡಕ್ಕೂ ಮೂಲ ಒಂದು ಸ್ನೇಹವೇ. ಮರೇಡ್ ನಿ ವೀನಿ ಎಂಬಾಕೆ ಡನಿಗಾಲ್ ಜಿಲ್ಲೆಯ ಗ್ವೀಡೋರ್‌ನವರು, ತಂದೆಯಿಂದ ಪಿಟೀಲು ಕಲಿತವರು. ಬೆಲ್‌ಫಾಸ್ಟ್ ನಗರದ ಫ್ರ್ಯಾಂಕಿ ಕೆನಡಿ ಎಂಬ ಹುಡುಗ ಆ ಊರಿಗೆ ಬಂದವರು, ಈಕೆಯ ಪರಿಚಯವಾದ ಮೇಲೆ ಕೊಳಲು ಕಲಿತರು. ಮುಂದೆ ಮದುವೆಯಾದರು. ಇಬ್ಬರೂ ಪ್ರಾಥಮಿಕ ಶಾಲೆಯ ಶಿಕ್ಷಕರು! ಪಾಠ ಮಾಡಿಕೊಂಡೇ ನುಡಿಸಿ, ಆಮೇಲೆ ಕೆಲಸ ಬಿಟ್ಟು ತಂಡ ಕಟ್ಟಿದರು. ಕೆನಡಿಯವರು 1994ರಲ್ಲಿ, ಇನ್ನೂ 38ರ ಪ್ರಾಯದಲ್ಲಿ, ಕ್ಯಾನ್ಸರಿನಿಂದ ತೀರಿಕೊಂಡರು. ಕಾಯಿಲೆಯ ದಿನಗಳಲ್ಲೂ ತಂಡ ನಿಲ್ಲಕೂಡದೆಂಬುದು ಅವರ ಆಸೆ. ತಂಡ ನಿಲ್ಲಲಿಲ್ಲ. ಅವರ ಹೆಸರಿನ ಚಳಿಗಾಲದ ಸಂಗೀತ ಶಾಲೆಯನ್ನು ಗೆಳೆಯರು ಗ್ವೀಡೋರ್‌ನಲ್ಲಿ ಸುಮಾರು 20 ವರ್ಷ ನಡೆಸಿದರು.

ತಂದೆತಾಯಿಗಳ ಗಮನಕ್ಕೆ ಇನ್ನೊಂದು. 1962ರಲ್ಲಿ ಹುಟ್ಟಿ ಜಗತ್ತೆಲ್ಲ ಸುತ್ತಿದ ‘ಚೀಫ್‌ಟನ್ಸ್’ ತಂಡದವರು 1975ರವರೆಗೆ ಬೇರೆ ಕೆಲಸಗಳನ್ನು ಬಿಟ್ಟಿರಲಿಲ್ಲ. ತಂಡದ ನಾಯಕ ಪ್ಯಾಡಿ ಮೊಲೋನಿ ಮೊದಲು ಲೆಕ್ಕಪತ್ರದ ಕೆಲಸದಲ್ಲಿದ್ದವರು. ಓದು, ನೌಕರಿ, ಸಂಗೀತ ಮೂರೂ ಒಂದೇ ಮನೆಯಲ್ಲಿ ಬಾಳಬಲ್ಲವು. ಸ್ಕಾಟ್ಲೆಂಡಿನ ‘ಕ್ಯಾಪರ್‌ಕೇಲಿ’ ತಂಡ 1984ರಲ್ಲಿ ಹುಟ್ಟಿದ್ದು ಓಬನ್ ಎಂಬ ಊರಿನ ಹೈಸ್ಕೂಲಿನ ಗೆಳೆಯರಿಂದ. ಹೆಂಗಸರು ಉಣ್ಣೆಯ ಬಟ್ಟೆಯನ್ನು ಬಡಿಯುತ್ತ ಹಾಡುತ್ತಿದ್ದ, ಸುಮಾರು 400 ವರ್ಷ ಹಳೆಯ ಗೇಲಿಕ್ ಹಾಡೊಂದನ್ನು ಅವರು 1992ರಲ್ಲಿ ಬ್ರಿಟನ್ನಿನ ಮೊದಲ 40 ಜನಪ್ರಿಯ ಹಾಡುಗಳ ಪಟ್ಟಿಗೆ ಏರಿಸಿದರು. ಆ ಭಾಷೆಗೆ ಆ ಭಾಗ್ಯ ಅದೇ ಮೊದಲು. ಆ ಶಾಲಾ ಗೆಳೆಯರಲ್ಲಿ ಒಬ್ಬರಾದ ಡೊನಾಲ್ಡ್ ಶಾ ಮುಂದೆ ಗ್ಲಾಸ್ಗೋದ ‘ಸೆಲ್ಟಿಕ್ ಕನೆಕ್ಷನ್ಸ್’ ಉತ್ಸವದ ನಿರ್ದೇಶಕರಾದರು. 1994ರಲ್ಲಿ ಆರಂಭವಾದ ಅದು ನಡೆಯುವುದು ಜನವರಿಯ ಕೊರೆಯುವ ಚಳಿಯಲ್ಲಿ. ಚಳಿಗೆ ಯಾರು ಬರುತ್ತಾರೆಂದು ಖಾಲಿ ಬಿದ್ದಿರುತ್ತಿದ್ದ ಸಭಾಂಗಣ ತುಂಬಲಿ ಎಂದೇ ಆ ತಿಂಗಳನ್ನು ಆರಿಸಿಕೊಂಡರು. ಹೆಸರಿಲ್ಲದ ಹೊಸಬರು ಬಂದು ಹಾಡಲು ಅಲ್ಲಿ ಡ್ಯಾನಿ ಕೈಲ್ ಎಂಬ ಗಾಯಕರ ಹೆಸರಿನ ತೆರೆದ ವೇದಿಕೆಯೂ ಇದೆ.

ಬ್ರಿಟನಿಯ ಲೋರಿಯಾಂ ಬಂದರಿನ ಉತ್ಸವವನ್ನು ಬಿಡುವಂತಿಲ್ಲ. 1971ರಿಂದ ಪ್ರತಿ ಆಗಸ್ಟಿನಲ್ಲಿ ಹತ್ತು ದಿನ ಎಲ್ಲ ಸೆಲ್ಟಿಕ್ ನಾಡಿನವರೂ ಅಲ್ಲಿ ಸೇರುತ್ತಾರೆ. ಆ ಊರಿಗೂ ನಮಗೂ ನಂಟಿದೆ. 17ನೆಯ ಶತಮಾನದಲ್ಲಿ ಫ್ರೆಂಚ್ ಈಸ್ಟ್ ಇಂಡಿಯಾ ಕಂಪೆನಿ ಪೂರ್ವದೇಶಗಳ ವ್ಯಾಪಾರಕ್ಕೆಂದು ಕಟ್ಟಿದ ಬಂದರು ಅದು. ಹೆಸರಿನ ಅರ್ಥವೇ ‘ಪೂರ್ವ’. ಅಲ್ಲಿ ‘ಬೊಂಬಾರ್ಡ್’ ಎಂಬ ವಾದ್ಯವಿದೆ, ನಮ್ಮ ನಾಗಸ್ವರ, ಶಹನಾಯಿಗಳಂತೆ ಜೋಡಿ ನಾಲಗೆಯದು. ಅದನ್ನು ಊದಲು ತುಟಿಗೆ ಎಷ್ಟು ಬಲ ಬೇಕೆಂದರೆ ಒಂದು ಸಾಲು ಊದಿದ ಮೇಲೆ ಸುಧಾರಿಸಿಕೊಳ್ಳಲೇಬೇಕು. ಆಗ ಜೊತೆಗಾರ ‘ಬಿನಿಯೂ’ ಎಂಬ ಪುಟ್ಟ ಬ್ಯಾಗ್‌ಪೈಪಿನಲ್ಲಿ ಅದೇ ಸಾಲನ್ನು ಒಂದು ಸ್ಥಾಯಿ ಮೇಲೆ ನುಡಿಸಿ ಹೊತ್ತು ಕೊಡುತ್ತಾನೆ. ಮತ್ತೆ ಇವನು, ಮತ್ತೆ ಅವನು. ದೇಹದ ದಣಿವೇ ಒಂದು ಸಂಗೀತ ಶೈಲಿಯಾಗಿಬಿಟ್ಟಿದೆ. ಇಬ್ಬರಿಲ್ಲದೆ ಆ ಸಂಗೀತವಿಲ್ಲ.

ಈ ಗೆಳೆತನದ ಸುತ್ತು ಮುರಿದರೆ ಏನಾಗುತ್ತದೆಂದು ನೋಡಬೇಕಾದರೆ ಅಟ್ಲಾಂಟಿಕ್ ದಾಟಿ ಕೆನಡಾಕ್ಕೆ ಹೋಗಬೇಕು. ಅಲ್ಲಿಯ ಪೂರ್ವ ತೀರದಲ್ಲಿ ಕೇಪ್ ಬ್ರೆಟನ್ ಎಂಬ ದ್ವೀಪವಿದೆ. 18ನೆಯ ಶತಮಾನದ ಕೊನೆಯಿಂದ ಸ್ಕಾಟ್ಲೆಂಡಿನ ಗುಡ್ಡನಾಡಿನ ರೈತರು ತಮ್ಮ ಜಮೀನಿನಿಂದ ಒಕ್ಕಲೆಬ್ಬಿಸಲ್ಪಟ್ಟು ಸಾವಿರಾರು ಸಂಖ್ಯೆಯಲ್ಲಿ ಅಲ್ಲಿಗೆ ಬಂದರು. ಬರುವಾಗ ಭಾಷೆ, ಪಿಟೀಲು, ಕುಣಿತ ಮೂರನ್ನೂ ತಂದರು. ಮದುವೆಯಿರಲಿ, ಸುಗ್ಗಿಯಿರಲಿ, ಅಡುಗೆಮನೆಯಲ್ಲಿ ಪಿಟೀಲು ಏಳುತ್ತಿತ್ತು. 1971ರಲ್ಲಿ ಕೆನಡಾದ ದೂರದರ್ಶನ ‘ಕಣ್ಮರೆಯಾಗುತ್ತಿರುವ ಕೇಪ್ ಬ್ರೆಟನ್ ಪಿಟೀಲು ವಾದಕ’ ಎಂಬರ್ಥದ ಸಾಕ್ಷ್ಯಚಿತ್ರ ತೋರಿಸಿತು. ನುಡಿಸುವವರಿಗೆಲ್ಲ ವಯಸ್ಸಾಗಿದೆ, ಹುಡುಗರು ಪಕ್ಕದಲ್ಲಿ ಬಂದು ಕೂರುತ್ತಿಲ್ಲ, ಇವರೊಂದಿಗೆ ಎಲ್ಲ ಮುಗಿಯಿತು ಎಂಬುದು ಅದರ ಸಾರಾಂಶ.

ದ್ವೀಪದವರಿಗೆ ಸಿಟ್ಟು ಬಂತು. ನಮ್ಮ ಜನವಾಗಿದ್ದರೆ ಒಂದು ಖಂಡನಾ ಸಭೆ ಮಾಡಿ ಮನವಿ ಪತ್ರ ಕೊಟ್ಟು ಮನೆಗೆ ಹೋಗುತ್ತಿದ್ದೆವೇನೋ. ಅವರು ಒಂದು ಸಮಿತಿ ಮಾಡಿಕೊಂಡು ಊರೂರು ಅಲೆದರು. ಅಟ್ಟ ಸೇರಿದ್ದ ಪಿಟೀಲುಗಳನ್ನು ಕೆಳಗಿಳಿಸಲು ಮುದುಕರನ್ನು ಬೇಡಿಕೊಂಡರು. 1973ರ ಬೇಸಿಗೆಯಲ್ಲಿ ಗ್ಲೆಂಡೇಲ್ ಎಂಬ ಹಳ್ಳಿಯಲ್ಲಿ ಉತ್ಸವ ಮಾಡಿದಾಗ ನೂರಕ್ಕೂ ಹೆಚ್ಚು ಪಿಟೀಲು ವಾದಕರು ಒಟ್ಟಿಗೆ ವೇದಿಕೆ ಏರಿದರು! ಅವರು ಅಲ್ಲಿಗೇ ನಿಲ್ಲಿಸಲೂ ಇಲ್ಲ. ಸಾಕ್ಷ್ಯಚಿತ್ರ ಹೇಳಿದ್ದರಲ್ಲಿ ಅರ್ಧ ನಿಜವಿದೆ ಎಂದು ಅವರಿಗೂ ಗೊತ್ತಿತ್ತು. ಮುದುಕರು ಸಿಕ್ಕಿದರು, ಹುಡುಗರೆಲ್ಲಿ? ಪಾಠಗಳನ್ನು ಶುರುಮಾಡಿದರು. ಸ್ಟ್ಯಾನ್ ಚ್ಯಾಪ್‌ಮನ್ ಎಂಬ ಶಿಕ್ಷಕರು ಊರಿನ ಮಕ್ಕಳನ್ನು ಕೂರಿಸಿಕೊಂಡು ಕಲಿಸಿದರು. ಅವರ ಬಳಿ ಕಲಿತವರಲ್ಲಿ ನಟಾಲಿ ಮೆಕ್‌ಮಾಸ್ಟರ್, ಆಶ್ಲಿ ಮೆಕೈಸಾಕ್ ಇದ್ದಾರೆ. ಇವತ್ತು ಸೆಲ್ಟಿಕ್ ಪಿಟೀಲು ಎಂದರೆ ಮೊದಲು ಬಾಯಿಗೆ ಬರುವ ಹೆಸರುಗಳು. ಇಬ್ಬರೂ ಹುಟ್ಟಿದ್ದು 1970ರ ದಶಕದಲ್ಲಿ, ಎಲ್ಲ ಮುಗಿಯಿತು ಎಂದು ದೂರದರ್ಶನ ಹೇಳಿದ ಮೇಲೆ!

ನಟಾಲಿಯ ಚಿಕ್ಕಂದಿನ ಆದರ್ಶ ಅವಳ ತಂದೆಯ ಅಣ್ಣತಮ್ಮಂದಿರಲ್ಲೊಬ್ಬರಾದ ಬಡ್ಡಿ ಮೆಕ್‌ಮಾಸ್ಟರ್. ಬಾಳಿನುದ್ದಕ್ಕೂ ರೈಲ್ವೆ ನೌಕರಿ, ರಾತ್ರಿ ಕುಣಿತದ ಮನೆಗಳಲ್ಲಿ ಪಿಟೀಲು. ಅವರ ಮೊದಲ ಧ್ವನಿಮುದ್ರಿಕೆ ಹೊರಬಂದದ್ದು 1989ರಲ್ಲಿ, ಅರವತ್ತು ದಾಟಿದ ಮೇಲೆ. ಆಮೇಲೆ ಸ್ಕಾಟ್ಲೆಂಡಿನ ಸ್ಕೈ ದ್ವೀಪದವರು ಅವರನ್ನು ಪಾಠ ಹೇಳಲು ಕರೆಸಿಕೊಂಡರು. ತಾತನ ಕಾಲದಲ್ಲಿ ಊರು ಬಿಟ್ಟವರ ಬಳಿ ಊರಿನವರೇ ಕಲಿಯುವಂತಾಯಿತು. 2014ರಲ್ಲಿ ಅವರು ತೀರಿಕೊಂಡರು.

1997ರಿಂದ ಆ ದ್ವೀಪದಲ್ಲಿ ಪ್ರತಿ ಅಕ್ಟೋಬರಿನಲ್ಲಿ, ಮೇಪಲ್ ಎಲೆಗಳು ಕೆಂಪಾಗುವ ಹೊತ್ತಿಗೆ, ‘ಸೆಲ್ಟಿಕ್ ಕಲರ್ಸ್’ ಎಂಬ ಒಂಬತ್ತು ದಿನಗಳ ಉತ್ಸವ ನಡೆಯುತ್ತದೆ. ದೊಡ್ಡ ಮೈದಾನದಲ್ಲಲ್ಲ, ಹಳ್ಳಿಗಳ ಸಮುದಾಯ ಭವನ, ಇಗರ್ಜಿ, ಶಾಲೆಗಳಲ್ಲಿ. ಊಟ ಬಡಿಸುವವರು, ಕಾರು ನಿಲ್ಲಿಸಲು ಜಾಗ ತೋರಿಸುವವರು ಎಲ್ಲ ಆಯಾ ಹಳ್ಳಿಯವರು. ಕಛೇರಿಗಳೆಲ್ಲ ಮುಗಿದ ಮೇಲೆ ರಾತ್ರಿ ಹನ್ನೊಂದರ ಸುಮಾರಿಗೆ ಕಲಾವಿದರು ಸೇಂಟ್ ಆ್ಯನ್ಸ್ ಎಂಬಲ್ಲಿಯ ಗೇಲಿಕ್ ಕಾಲೇಜಿನಲ್ಲಿ ಕೂಡುತ್ತಾರೆ. ಯಾರು ಯಾರೊಂದಿಗೆ ನುಡಿಸುತ್ತಾರೆಂದು ಮೊದಲೇ ಪ್ರಕಟಿಸುವುದಿಲ್ಲ. ಬೆಳಗಿನ ಜಾವದವರೆಗೆ ನಡೆಯುವ ಈ ಕೂಟಕ್ಕೆಂದೇ ಸಮುದ್ರ ದಾಟಿ ಬರುವವರಿದ್ದಾರೆ.

ಕೇಪ್ ಬ್ರೆಟನ್ ಮುದ್ರಿಕೆಗಳನ್ನು ಕೇಳಲು ಹೊರಟವರಿಗೆ ಒಂದು ಸೂಚನೆ. ಪಿಟೀಲು, ಅದರ ಬೆನ್ನಿಗೆ ಪಿಯಾನೋ, ಇವೆರಡರ ಕೆಳಗೆ ಧಪ್ ಧಪ್ ಎಂದು ಒಂದು ಸದ್ದು ಒಂದೇ ಸಮನೆ ಬರುತ್ತಿರುತ್ತದೆ. ಯಂತ್ರ ಕೆಟ್ಟಿದೆಯೆಂದುಕೊಳ್ಳಬೇಡಿ. ಅದು ಮರದ ನೆಲದ ಮೇಲೆ ವಾದಕರು ಹಿಮ್ಮಡಿಯಿಂದ ಹಾಕುವ ತಾಳ. ಕಿವಿಗೆ ವೈರು ಸಿಕ್ಕಿಸಿಕೊಂಡು ಕೇಳಿದರೆ ಒಂದೇ ಪಾದದ್ದೋ, ಪಕ್ಕದವರದೂ ಸೇರಿದೆಯೋ ಎಂಬುದೂ ಗೊತ್ತಾಗುತ್ತದೆ.